ಕುಟುಂಬಾದಾಯದ ಮಧ್ಯಾಂಕ ಮತ್ತು ಅದರ ದೋಷಮಿತಿ

ಶಾಸನದಲ್ಲಿ ಒಂದಕ್ಷರ ಮಸುಕಾಗಿದ್ದರೆ ಇತಿಹಾಸದ ಬೋಧಕರಾದ ನಾವು ಅದನ್ನು ಅಡಿಟಿಪ್ಪಣಿಯಲ್ಲಿ ತಪ್ಪದೆ ಸೂಚಿಸುತ್ತೇವೆ. ಸರ್ಕಾರಿ ವರದಿಯ ಅಂಕಿಯನ್ನಾದರೋ ಸಂಶಯಲೇಶವಿಲ್ಲದೆ ಎತ್ತಿ ಬರೆದುಕೊಳ್ಳುತ್ತೇವೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಕುಟುಂಬಾದಾಯದ ಮಧ್ಯಾಂಕವು 2019ರಲ್ಲಿ ಒಂದೇ ವರ್ಷಕ್ಕೆ ಶೇಕಡ 6.8ರಷ್ಟು ಏರಿತೆಂಬುದು ಅಂಥದೊಂದು ಅಂಕಿ. ಇದನ್ನು ಐತಿಹಾಸಿಕ ಸಂಗತಿಯೆಂದು ಸ್ವೀಕರಿಸಬಹುದೇ ಎಂಬುದು ಪ್ರಕೃತ ಲೇಖನದ ವಿಚಾರ.

ಎಲ್ಲ ಕುಟುಂಬಗಳನ್ನೂ ಆದಾಯದ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವೆ ಬರುವ ಕುಟುಂಬದ ಆದಾಯವೇ ಮಧ್ಯಾಂಕ. ಕೋಟ್ಯಧೀಶನೊಬ್ಬನ ಗಳಿಕೆ ಇಮ್ಮಡಿಯಾದರೆ ಸರಾಸರಿ ಏರುತ್ತದೆ, ಮಧ್ಯಾಂಕ ಕದಲುವುದಿಲ್ಲ. ಕುಟುಂಬವೆಂದರೆ ಇಲ್ಲಿ ನಂಟಿರಲಿ, ಇಲ್ಲದಿರಲಿ, ಒಂದೇ ಮನೆಯಲ್ಲಿ ವಾಸಿಸುವವರೆಲ್ಲರೂ. ಒಂಟಿಯಾಗಿರುವವನೂ ಒಂದು ಕುಟುಂಬವೇ. ಈ ಅರ್ಥದ ಶ್ರೇಣಿ 1967ರಿಂದ ದೊರೆಯುತ್ತದೆ. ನಂಟರು ಕೂಡಿರುವ ಸಂಸಾರಗಳ ಶ್ರೇಣಿಯು 1947ರಿಂದಲೇ ಉಂಟು. ಎರಡನ್ನೂ ಬೆಸೆದು ಒಂದೇ ರೇಖೆ ಎಳೆಯುವುದು ಸಲ್ಲದು.

ಅಲ್ಲಿಯ ಜನಗಣತಿ ಇಲಾಖೆಯು ಪ್ರತಿವರ್ಷ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಹಿಂದಿನ ವರ್ಷದ ಆದಾಯವನ್ನು ಕುರಿತು ಸಮೀಕ್ಷೆ ನಡೆಸುತ್ತದೆ. ವಿಚಾರಿಸುವುದು ಎಲ್ಲರನ್ನಲ್ಲ, ಆಯ್ದ ಸುಮಾರು ಒಂದು ಲಕ್ಷ ವಿಳಾಸಗಳವರನ್ನು. ಬೇರೆ ಮನೆಗಳು ಆಯ್ಕೆಯಾಗಿದ್ದರೆ ಬೇರೆ ಮಧ್ಯಾಂಕ ಬರುತ್ತಿತ್ತು. ಆದಕಾರಣ ಇಲಾಖೆಯು ಅಂಕಿಯ ಜೊತೆಗೆ ಒಂದು ದೋಷಮಿತಿಯನ್ನೂ ಅಚ್ಚುಮಾಡುತ್ತದೆ. ಇದೇ ರೀತಿ ಮತ್ತೆ ಮತ್ತೆ ಮಾದರಿಗಳನ್ನು ಆಯ್ದು ಮಿತಿಗಳನ್ನು ಕಟ್ಟಿದರೆ, ನೂರರಲ್ಲಿ ಸುಮಾರು ತೊಂಬತ್ತು ಮಿತಿಗಳು ನಿಜವಾದ ಮಧ್ಯಾಂಕವನ್ನು ಒಳಗೊಂಡಿರುತ್ತವೆಂಬುದು ಅದರ ಅರ್ಥ.

ಈ ಮಿತಿಯನ್ನು ಕಂಡುಕೊಳ್ಳುವ ಬಗೆ ಸ್ವಾರಸ್ಯವಾದುದು. ಮಾದರಿಯ ಪ್ರತಿಯೊಂದು ಕುಟುಂಬವೂ ವಿಚಾರಣೆಗೆ ಸಿಕ್ಕದ ಅನೇಕ ಕುಟುಂಬಗಳ ಪ್ರತಿನಿಧಿ. ಆ ಪ್ರಾತಿನಿಧ್ಯವೇ ಅದರ ತೂಕ. ಈ ತೂಕಗಳನ್ನು ಗೊತ್ತಾದ ಕ್ರಮದಲ್ಲಿ 160 ಬಗೆಯಾಗಿ ಬದಲಿಸಿ, ಪ್ರತಿ ಸಲವೂ ಮಧ್ಯಾಂಕವನ್ನು ಹೊಸದಾಗಿ ಎಣಿಸುತ್ತಾರೆ. ಬಂದ 160 ಉತ್ತರಗಳು ಎಷ್ಟು ಚದರಿವೆಯೋ ಅದರಿಂದ ದೋಷವನ್ನು ಅಳೆಯುತ್ತಾರೆ. ಮಾದರಿಯೊಳಗಿನ ಭಿನ್ನತೆಯಿಂದಲೇ ಮಾದರಿಯ ದೋಷವನ್ನು ತಿಳಿಯುವ ಈ ವಿಚಾರವು ನಮ್ಮ ದೇಶಕ್ಕೆ ಹೊಸದಲ್ಲ. ಪ್ರಶಾಂತಚಂದ್ರ ಮಹಲನೋಬಿಸ್ ಅವರು ಬಂಗಾಳದ ಬೆಳೆ ಸಮೀಕ್ಷೆಗಳಲ್ಲಿ ಮಾದರಿಯನ್ನು ಒಂದರೊಳಗೊಂದು ಹೆಣೆದುಕೊಂಡ ಉಪಮಾದರಿಗಳಾಗಿ ವಿಭಾಗಿಸಿ ಬೇರೆಬೇರೆ ತನಿಖೆಗಾರರಿಗೆ ಒಪ್ಪಿಸಿದ್ದರು. ಮಾದರಿಯ ದೋಷವಷ್ಟೇ ಅಲ್ಲ, ಕೇಳುವವರಿಂದಾಗುವ ದೋಷವೂ ಅದರಿಂದ ಬಯಲಾಗುತ್ತಿತ್ತು.

ಎರಡು ವರ್ಷಗಳ ಹೋಲಿಕೆಯಲ್ಲಿ ದೋಷವೂ ಕೂಡಿಕೊಳ್ಳುತ್ತದೆ, ಆದರೆ ಸರಳ ಸಂಕಲನದಂತಲ್ಲ. ಒಂದು ವರ್ಷದ ಮಿತಿ 600 ಡಾಲರ್, ಇನ್ನೊಂದರದು 800 ಎಂದಿಟ್ಟುಕೊಳ್ಳೋಣ. ವ್ಯತ್ಯಾಸದ ಮಿತಿ 1,400 ಅಲ್ಲ, 1,000. ಲಂಬಕೋನ ತ್ರಿಭುಜದ ಕರ್ಣದ ಲೆಕ್ಕವೇ ಇದು. ವಾಸ್ತವದಲ್ಲಿ ಹಿಂದಿನ ವರ್ಷದ ವಿಳಾಸಗಳಲ್ಲಿ ಅನೇಕವು ಮರುವರ್ಷವೂ ಮಾದರಿಯಲ್ಲಿ ಉಳಿಯುವುದರಿಂದ ಮಿತಿ ಇನ್ನೂ ಸ್ವಲ್ಪ ಕಿರಿದಾಗುತ್ತದೆ. ಬೆಲೆಯೇರಿಕೆಯ ತಿದ್ದುಪಡಿಯನ್ನೂ ಮರೆಯಲಾಗದು: 2018ರ ಮಧ್ಯಾಂಕ ಮೊದಲ ವರದಿಯಲ್ಲಿ 63,179 ಡಾಲರ್, ಮರುವರ್ಷದ ವರದಿಯಲ್ಲಿ 2019ರ ಬೆಲೆಗಳಿಗೆ ಹೊಂದಿಸಿದಾಗ 64,324. ಒಂದೇ ವರ್ಷಕ್ಕೆ ಎರಡು ಅಂಕಿ ಕಂಡು ಗಾಬರಿಗೊಳ್ಳಬೇಕಾಗಿಲ್ಲ. ಯಾವ ವರದಿಯದೆಂದು ಬರೆದಿಟ್ಟುಕೊಂಡರಾಯಿತು.

ಇಷ್ಟೆಲ್ಲ ಎಚ್ಚರ ವಹಿಸಿದರೂ ದೋಷಮಿತಿಯು ಹಿಡಿಯಲಾರದ ತಪ್ಪುಗಳಿವೆ. 2013ರ ಆದಾಯವನ್ನು 2014ರಲ್ಲಿ ವಿಚಾರಿಸುವಾಗ ಇಲಾಖೆಯು ಮಹಲನೋಬಿಸರ ಮನೋಧರ್ಮಕ್ಕೆ ಒಪ್ಪುವಂಥ ಒಂದು ಪ್ರಯೋಗ ನಡೆಸಿತು. ಸುಮಾರು 68,000 ವಿಳಾಸಗಳಿಗೆ ಹಳೆಯ ಪ್ರಶ್ನಾವಳಿ, ಸುಮಾರು 30,000ಕ್ಕೆ ಹೊಸದು. ಹಳೆಯದರಿಂದ ಬಂದ ಮಧ್ಯಾಂಕ 51,939 ಡಾಲರ್, ಹೊಸದರಿಂದ 53,585. ಜನರೂ ಅವರ ಸಂಪಾದನೆಯೂ ಅದೇ ವರ್ಷದ್ದು. ಕೇಳಿದ ರೀತಿ ಬದಲಾದುದರಿಂದಲೇ ಶೇಕಡ 3.2ರ ಅಂತರ. ಶ್ರೇಣಿಯಲ್ಲಿ ಇದೊಂದು ಸೀಳು.

2019ರದು ಇದಕ್ಕಿಂತ ಗಹನ. ಆ ವರ್ಷದ ಮಧ್ಯಾಂಕ 68,703 ಡಾಲರ್ ಎಂದು ಪ್ರಕಟವಾಯಿತು. ಏರಿಕೆ ದೋಷಮಿತಿಯನ್ನು ನಿಸ್ಸಂದೇಹವಾಗಿ ಮೀರಿತ್ತು. ಆದರೆ ಆ ವಿಚಾರಣೆ ನಡೆದದ್ದು 2020ರ ಮಾರ್ಚ್ ತಿಂಗಳ ಸುಮಾರಿನಲ್ಲಿ. ಮಹಾಮಾರಿಯಿಂದಾಗಿ ಮನೆಮನೆಗೆ ಹೋಗುವುದು ನಿಂತಿತು. ಉತ್ತರಿಸಿದವರ ಪ್ರಮಾಣ ಶೇಕಡ 73ಕ್ಕೆ, ಅಂದರೆ ಅದರ ಹಿಂದಿನ ತಿಂಗಳುಗಳಿಗಿಂತ ಸುಮಾರು ಹತ್ತು ಅಂಶ ಕೆಳಕ್ಕೆ, ಇಳಿಯಿತು. ಬೇರೆ ಸರ್ಕಾರಿ ದಾಖಲೆಗಳೊಡನೆ ತಾಳೆ ನೋಡಿದಾಗ, ಉತ್ತರ ಕೊಟ್ಟವರು ಕೊಡದವರಿಗಿಂತ ಅನುಕೂಲಸ್ಥರೆಂದು ತಿಳಿದುಬಂತು. ಈ ಓರೆಯನ್ನು ತಿದ್ದಿದರೆ ಮಧ್ಯಾಂಕವು 66,790 ಡಾಲರ್ ಆಗುತ್ತಿತ್ತೆಂದು ಇಲಾಖೆಯ ಸಂಶೋಧಕರೇ ಅಂದಾಜು ಮಾಡಿದರು. 64,324ಕ್ಕೆ ಹೋಲಿಸಿದರೆ ಏರಿಕೆ ಶೇಕಡ 6.8 ಅಲ್ಲ, ಸುಮಾರು 3.8. ಏರಿಕೆ ನಿಜ, ಅದರ ಗಾತ್ರವನ್ನು ನಾವು ಒಪ್ಪಲಾರೆವು.

2020ರ ಮಧ್ಯಾಂಕವು 67,521 ಡಾಲರ್, ಹಿಂದಿನ ವರ್ಷಕ್ಕಿಂತ ಶೇಕಡ 2.9 ಕಡಿಮೆ ಎಂದು ಮರುವರ್ಷ ವರದಿಯಾಯಿತು. ಈ ಇಳಿತದಲ್ಲಿ ಜನರ ಸಂಕಷ್ಟದ ಪಾಲೆಷ್ಟು, 2019ರ ಉಬ್ಬಿದ ಅಂಕಿಯ ಪಾಲೆಷ್ಟು ಎಂಬುದನ್ನು ವಿಂಗಡಿಸದೆ ಆ ವರ್ಷದ ಚರಿತ್ರೆಯನ್ನು ಬರೆಯುವಂತಿಲ್ಲ.