ಸಹಿ ಹಾಕುವ ಮೊದಲು

ಮುಂಬಯಿಯ ಸರಕಾರಿ ಕನ್ನಡ ಶಾಲೆಯೊಂದರ ವ್ಯವಸ್ಥಾಪನ ಸಮಿತಿಗೆ ನನ್ನನ್ನು ಸೇರಿಸಿಕೊಂಡಾಗ ನನಗೆ ಗೊತ್ತಿದ್ದ ಕೆಲಸ ಒಂದೇ: ಕರೆದಾಗ ಹೋಗಿ, ಚಹಾ ಕುಡಿದು, ಸಹಿ ಹಾಕಿ ಬರುವುದು. ನೀರಿನ ಟಾಂಕಿ, ಒಡೆದ ಕಿಟಕಿ ಬಿಟ್ಟರೆ ಬೇರೆ ಮಾತಿಲ್ಲ.

ಆಮೇಲೆ ಸದಸ್ಯರಿಗೆ ಒಂದು ದಿನದ ತರಬೇತಿ ನಡೆಯಿತು, ಮರಾಠಿಯಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಅನುದಾನದ ಖರ್ಚು ನೋಡುವುದು ನಮ್ಮ ಹೊಣೆ ಎಂದು ಅಲ್ಲೇ ತಿಳಿದದ್ದು. (ನಾವೂ ಯಾವತ್ತೂ ಕೇಳಿರಲಿಲ್ಲ ಅನ್ನಿ.) ತರಬೇತಿ ಕೊಟ್ಟವರು ಕೊನೆಗೆ ಕೇಳಿದರು: "ನಿಮ್ಮ ಮೂರನೇ ಇಯತ್ತೆಯಲ್ಲಿ ಎಷ್ಟು ಮಕ್ಕಳು ಒಂದು ಪುಟ ತಡವರಿಸದೆ ಓದುತ್ತಾರೆ?" ಯಾರೂ ಬಾಯಿಬಿಡಲಿಲ್ಲ.

ಮುಂದಿನ ಸಭೆಯಲ್ಲಿ ಅದನ್ನೇ ಕೇಳಿದೆ. ಮುಖ್ಯಾಧ್ಯಾಪಿಕೆಯವರ ಮುಖ ಮೊದಲು ಗಂಟಿಕ್ಕಿತು. ಆಮೇಲೆ ಅವರೇ ತರಗತಿಗೆ ಕರೆದೊಯ್ದರು. ಪಾಠಪುಸ್ತಕ ಬಿಟ್ಟು ಬೇರೆ ಕತೆ ಕೊಟ್ಟೆವು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಅಕ್ಷರ ಕೂಡಿಸುತ್ತಲೇ ನಿಂತರು. ಅವರಲ್ಲಿ ನನ್ನ ಮಗನೂ ಒಬ್ಬ. ಮನೆಯಲ್ಲಿ ಪಾಠ ಗಡಗಡ ಓದಿ ತೋರಿಸುತ್ತಿದ್ದ. ಅದು ಬಾಯಿಪಾಠವೆಂದು ತಿಳಿದದ್ದು ಅಂದು.

ಈಗ ವಾರಕ್ಕೆ ಮೂರು ದಿನ ನಾವು ತಾಯಂದಿರು ಸರದಿಯಲ್ಲಿ ಹೋಗಿ ಮಕ್ಕಳ ಓದು ಕೇಳುತ್ತೇವೆ. ಸಭೆಯಲ್ಲಿ ಮೊದಲ ವಿಷಯ ಅದೇ. ಟಾಂಕಿ ಇನ್ನೂ ಸೋರುತ್ತಿದೆ.