ಹೊರಚಾಚಿದ ಕಣ್ಣು: ಒಂದು ಶಸ್ತ್ರಚಿಕಿತ್ಸೆಯ ಇತಿಹಾಸ

ಯಕ್ಷಗಾನದ ಬಣ್ಣದ ವೇಷವನ್ನು ಕಂಡವರಿಗೆ, ಅರಳಿ ಹೊರಗೆ ನಿಂತಂತೆ ತೋರುವ ಕಣ್ಣುಗಳ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ಅದು ರೌದ್ರದ ಲಕ್ಷಣ. ನಮ್ಮ ಕರಾವಳಿಯ ಭೂತಗಳ ಮೊಗಗಳಲ್ಲಿಯೂ ಇಂತಹ ಕಣ್ಣುಗಳನ್ನು ಕಾಣುತ್ತೇವೆ. ಈ ಸಂಕೇತಕ್ಕೆ ಒಗ್ಗಿದ ನಾವು, ನೆರೆಹೊರೆಯವರೊಬ್ಬರ ಕಣ್ಣು ಹೊರಚಾಚಿದಾಗ ಅವರು ಕೋಪಿಷ್ಠರೆಂದೋ ದುರುಗುಟ್ಟಿ ನೋಡುತ್ತಿರುವರೆಂದೋ ಭಾವಿಸಿಬಿಡುವುದುಂಟು. ಆದರೆ ಅದು ಥೈರಾಯಿಡ್ ಗ್ರಂಥಿಯ ವಿಕಾರದೊಡನೆ ಬರುವ ರೋಗವಾಗಿರಬಹುದು. ಕೆಲವರಲ್ಲಿ ದೃಷ್ಟಿಯನ್ನೇ ಅಪಹರಿಸಬಹುದು. ಇದರ ಶಸ್ತ್ರಚಿಕಿತ್ಸೆ ಹೇಗೆ ರೂಪುಗೊಂಡಿತು, ಅದು ಯಾವಾಗ ಅವಶ್ಯವಾಗುತ್ತದೆ ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಗಂಟಲಿನ ಮುಂಭಾಗದಲ್ಲಿರುವ ಥೈರಾಯಿಡ್ ಗ್ರಂಥಿಗೂ ಕಣ್ಣಿಗೂ ಇರುವ ಸಂಬಂಧವನ್ನು ಮೊದಲು ಗುರುತಿಸಿದವರಲ್ಲಿ ಇಂಗ್ಲೆಂಡಿನ ಬಾತ್ ನಗರದ ವೈದ್ಯ ಕೇಲಬ್ ಪ್ಯಾರಿ ಒಬ್ಬನು. ಅವನು 1786ರಲ್ಲಿಯೇ ಇಂತಹ ರೋಗಿಯನ್ನು ನೋಡಿದ್ದರೂ ಅವನ ಬರಹ ಪ್ರಕಟವಾದುದು ಮರಣಾನಂತರ, 1825ರಲ್ಲಿ. 1835ರಲ್ಲಿ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್, 1840ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಬಾಸೆಡೋ ಇದನ್ನು ವರ್ಣಿಸಿದರು. ಇಂದಿಗೂ ಈ ರೋಗಕ್ಕೆ ಇಂಗ್ಲಿಷ್ ಬಲ್ಲವರು ಗ್ರೇವ್ಸನ ಹೆಸರನ್ನೂ ಜರ್ಮನರು ಬಾಸೆಡೋನ ಹೆಸರನ್ನೂ ಇಟ್ಟು ಕರೆಯುತ್ತಾರೆ. ಅಯೋಡಿನ್ನಿನ ಕೊರತೆಯಿಂದ ಉಂಟಾಗುವ ಗಳಗಂಡ ಬೇರೆ, ಇದು ಬೇರೆ. ಇಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ತನ್ನ ಗ್ರಂಥಿಯನ್ನು ಕೆಣಕುತ್ತದೆ. ರೋಗಿಗಳ ರಕ್ತದಲ್ಲಿ ಗ್ರಂಥಿಯನ್ನು ದೀರ್ಘಕಾಲ ಪ್ರಚೋದಿಸುವ ವಸ್ತುವೊಂದಿದೆಯೆಂದು 1956ರಲ್ಲಿ ನ್ಯೂಜಿಲೆಂಡಿನ ಆಡಮ್ಸ್ ಮತ್ತು ಪರ್ವಿಸ್ ತೋರಿಸಿದರು. ಅದು ಒಂದು ಪ್ರತಿಕಾಯವೆಂಬುದು ಆಮೇಲೆ ತಿಳಿಯಿತು.

ಇದೇ ಕೆಣಕುವಿಕೆಯಿಂದ ಕಣ್ಣಿನ ಹಿಂದಿರುವ ಕೊಬ್ಬೂ ಸ್ನಾಯುಗಳೂ ಊದಿಕೊಳ್ಳುತ್ತವೆ. ಕಣ್ಣಿನ ಗೂಡು ಎಲುಬಿನಿಂದಾದ ಒಂದು ಸಣ್ಣ ಕೋಣೆ. ಅದರ ಒಟ್ಟು ಅವಕಾಶ ಸುಮಾರು 30 ಮಿಲಿಲೀಟರ್. ಅದರಲ್ಲಿ ಕಣ್ಣುಗುಡ್ಡೆಯ ಪಾಲು ಸುಮಾರು 7. ಗೋಡೆಗಳು ಸರಿಯವು; ತೆರೆದಿರುವುದು ಮುಂಭಾಗ ಮಾತ್ರ. ಆದಕಾರಣ ಒಳಗಿನ ಊತವು ಕಣ್ಣುಗುಡ್ಡೆಯನ್ನು ಮುಂದಕ್ಕೆ ನೂಕುತ್ತದೆ. ರೆಪ್ಪೆಗಳು ಕೂಡದೆ ಕಣ್ಣು ಒಣಗುತ್ತದೆ. ಸ್ನಾಯುಗಳು ಬಿಗಿದು ಒಂದು ವಸ್ತು ಎರಡಾಗಿ ಕಾಣುತ್ತದೆ. ಕೋಣೆಯ ಹಿಂತುದಿಯಲ್ಲಿ ದೃಷ್ಟಿನರವು ಅದುಮಿಹೋದರೆ ಕುರುಡುತನವೇ ಬರಬಹುದು.

ಈ ಕೋಣೆಯನ್ನು ವಿಸ್ತರಿಸುವುದೇ ಶಸ್ತ್ರವೈದ್ಯರು ಕಂಡುಕೊಂಡ ಉಪಾಯ. ಅದರ ಇತಿಹಾಸವೆಂದರೆ ಒಂದೊಂದಾಗಿ ಗೋಡೆ ತೆರೆದ ಇತಿಹಾಸ. 1888ರಲ್ಲಿ ಕ್ರ್ಯೋನ್‌ಲೈನ್ ಎಂಬವನು ಗಂಟೊಂದನ್ನು ತೆಗೆಯಲೆಂದು ಹೊರಬದಿಯ ಗೋಡೆಯನ್ನು ತೆರೆದಿದ್ದನು. ಆ ಮಾರ್ಗವನ್ನೇ 1911ರಲ್ಲಿ ಹಂಗೇರಿಯ ಡೋಲಿಂಗರ್ ಹೊರಚಾಚಿದ ಕಣ್ಣಿಗೆ ಬಳಸಿದನು. 1930ರಲ್ಲಿ ಹಿರ್ಷ್ ನೆಲವನ್ನು ತೆಗೆದು, ಕೆನ್ನೆಯೊಳಗಿನ ಗಾಳಿಗೂಡಿನತ್ತ ಜಾಗ ಮಾಡಿಕೊಟ್ಟನು. 1931ರಲ್ಲಿ ಅಮೆರಿಕದ ನ್ಯಾಫ್‌ಜಿಗರ್ ತಲೆಬುರುಡೆಯನ್ನು ತೆರೆದು ಮೇಲ್ಛಾವಣಿಯನ್ನು ತೆಗೆದನು. 1936ರಲ್ಲಿ ಸ್ಯೂಯೆಲ್ ಮೂಗಿನ ಬದಿಯ ಗೋಡೆಯನ್ನು ಆಯ್ದುಕೊಂಡನು. ನೆಲವನ್ನೂ ಒಳಬದಿಯ ಗೋಡೆಯನ್ನೂ ಕೂಡಿಯೇ ತೆಗೆಯುವ ವಿಧಾನವನ್ನು 1957ರಲ್ಲಿ ವಾಲ್ಶ್ ಮತ್ತು ಒಗುರಾ ಪ್ರಕಟಿಸಿದರು. 1990ರಲ್ಲಿ ಕೆನೆಡಿ ಮತ್ತು ಸಂಗಡಿಗರು ಮೂಗಿನ ಮೂಲಕ ದುರ್ಬೀನನ್ನು ತೂರಿಸಿ ಇದನ್ನು ಸಾಧಿಸುವ ಕ್ರಮವನ್ನು ವರದಿ ಮಾಡಿದರು. ತಲೆಬುರುಡೆಯನ್ನು ತೆರೆಯಬೇಕಾಗಿದ್ದ ಕಾಲದಿಂದ ಮೂಗಿನ ಮೂಲಕವೇ ಇದನ್ನು ಸಾಧಿಸುವ ಕಾಲಕ್ಕೆ ಬರಲು ಸುಮಾರು 60 ವರ್ಷಗಳು ಹಿಡಿದವು.

ಇಷ್ಟಾದರೂ ಎಲ್ಲ ರೋಗಿಗಳಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ರೋಗವು ಸಾಮಾನ್ಯವಾಗಿ ಒಂದೆರಡು ವರ್ಷ ಉರಿದು, ಆಮೇಲೆ ತಣಿಯುತ್ತದೆ. ಉರಿಯುವ ಕಾಲದಲ್ಲಿ ಗ್ರಂಥಿಯನ್ನು ಹತೋಟಿಗೆ ತರುವುದು, ಧೂಮಪಾನವನ್ನು ಬಿಡಿಸುವುದು, ಕಣ್ಣು ಒಣಗದಂತೆ ಕಾಪಾಡುವುದು, ಅಗತ್ಯವಿದ್ದರೆ ಸ್ಟೀರಾಯಿಡ್ ಕೊಡುವುದು ಮೊದಲ ಕರ್ತವ್ಯಗಳು. 2020ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಟೆಪ್ರೊಟುಮುಮಾಬ್ ಎಂಬ ಔಷಧವು ಶಸ್ತ್ರವಿಲ್ಲದೆಯೇ ಕಣ್ಣನ್ನು ಹಿಂದಕ್ಕೆ ಸರಿಸಬಲ್ಲುದು. ಆದರೆ ಅದರ ಬೆಲೆ ಅತಿ ಹೆಚ್ಚು. ರೋಗ ತಣಿದ ಮೇಲೆ ಶಸ್ತ್ರಚಿಕಿತ್ಸೆಗೆ ಒಂದು ಕ್ರಮವಿದೆ: ಮೊದಲು ಗೂಡಿನ ವಿಸ್ತರಣೆ, ಅನಂತರ ಸ್ನಾಯುಗಳ ತಿದ್ದುಪಡಿ, ಕಡೆಗೆ ರೆಪ್ಪೆ. ಗೂಡನ್ನು ವಿಸ್ತರಿಸಿದಾಗ ಕಣ್ಣಿನ ನೆಲೆ ಬದಲಾಗಿ ಸ್ನಾಯುಗಳ ಎಳೆತವೂ ರೆಪ್ಪೆಯ ಎತ್ತರವೂ ಬದಲಾಗುವುದರಿಂದ ಈ ಕ್ರಮವನ್ನು ತಲೆಕೆಳಗು ಮಾಡಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾದೀತು. ಅಪಾಯಗಳೂ ಇಲ್ಲದಿಲ್ಲ. ಎರಡಾಗಿ ಕಾಣುವುದು ಹೊಸದಾಗಿ ತೊಡಗಬಹುದು, ಕೆನ್ನೆ ಜೋಮುಗಟ್ಟಬಹುದು. ಬಹು ವಿರಳವಾಗಿ ದೃಷ್ಟಿಯೂ ಹೋಗಬಹುದು.

ಈ ನಿಧಾನಕ್ಕೆ ಮುಖ್ಯ ಅಪವಾದವೊಂದುಂಟು. ಬಣ್ಣಗಳು, ಅದರಲ್ಲಿಯೂ ಕೆಂಪು, ಮಾಸಿದಂತೆ ತೋರತೊಡಗಿದರೆ, ಇಲ್ಲವೆ ದೃಷ್ಟಿ ಮಸುಕಾದರೆ, ದೃಷ್ಟಿನರವು ಅದುಮಿಹೋಗುತ್ತಿದೆಯೆಂದು ಶಂಕಿಸಬೇಕು. ಆಗ ರಕ್ತನಾಳದ ಮೂಲಕ ಸ್ಟೀರಾಯಿಡನ್ನು ತಡಮಾಡದೆ ಕೊಡುತ್ತಾರೆ. ಅದರಿಂದ ಒಂದೆರಡು ವಾರಗಳಲ್ಲಿ ಗುಣ ಕಾಣದಿದ್ದರೆ ಗೂಡನ್ನು ತೆರೆಯಲೇಬೇಕಾಗುತ್ತದೆ. ಇಂತಹ ಸ್ಥಿತಿಗೆ ತಲುಪುವವರು ನೂರಕ್ಕೆ ಸುಮಾರು ಐವರು. ವಿಚಿತ್ರವೆಂದರೆ, ಇವರಲ್ಲಿ ಕೆಲವರ ಕಣ್ಣು ಹೆಚ್ಚು ಹೊರಚಾಚಿರುವುದೇ ಇಲ್ಲ. ಮುಂದಕ್ಕೆ ಸರಿಯದ ಕಣ್ಣಿನ ಹಿಂದೆ ಒತ್ತಡವು ಇನ್ನಷ್ಟು ಹೆಚ್ಚುತ್ತದೆ. ಆದಕಾರಣ ಮುಖದ ತೋರಿಕೆಯೊಂದನ್ನೇ ನೋಡಿ ರೋಗದ ತೀವ್ರತೆಯನ್ನು ಅಳೆಯಲಾಗದು.

ನ್ಯಾಫ್‌ಜಿಗರನು ತನ್ನ ವಿಧಾನವನ್ನು ಪ್ರಕಟಿಸಿದಾಗ ನಮ್ಮ ಕರಾವಳಿಯಲ್ಲಿ ವೈದ್ಯಕೀಯ ಕಾಲೇಜೇ ಇರಲಿಲ್ಲ. ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1961ರಲ್ಲಿ ಅಲ್ಲಿ ಕಸ್ತೂರ್ಬಾ ಆಸ್ಪತ್ರೆ ಆರಂಭವಾಯಿತು. ಆಗುಂಬೆ ಘಟ್ಟದ ಬುಡದಲ್ಲಿರುವ, ಈಗ ತಾಲೂಕು ಕೇಂದ್ರವಾದ ಹೆಬ್ರಿಗೂ ಮಣಿಪಾಲಕ್ಕೂ ನಡುವೆ ಸುಮಾರು 30 ಕಿಲೋಮೀಟರುಗಳ ದಾರಿ. ಈ ದೂರವನ್ನು ಬಸ್ಸು ಒಂದೆರಡು ಗಂಟೆಯೊಳಗೆ ಕ್ರಮಿಸುತ್ತದೆ. ಆದರೆ ನೆರೆಯವರ ಮಾತಿಗೆ ಅಂಜಿ ಮನೆಯೊಳಗೆ ಉಳಿದ ರೋಗಿಗೆ ಆ ದಾರಿ ಬಹು ದೀರ್ಘವಾದುದು. ಅಧ್ಯಾಪಕರೂ ವಿದ್ಯಾರ್ಥಿಗಳೂ ಇಂತಹ ಮುಖವನ್ನು ಕಂಡಾಗ ಕೋಪವೆಂದು ಬಗೆಯದೆ, ರೋಗವಿರಬಹುದೆಂದು ತಿಳಿದು, ರಕ್ತಪರೀಕ್ಷೆಗೂ ಕಣ್ಣಿನ ಪರೀಕ್ಷೆಗೂ ಹೋಗುವಂತೆ ಸೌಜನ್ಯದಿಂದ ಸೂಚಿಸಿದರೆ ಈ ಲೇಖನದ ಉದ್ದೇಶವು ನೆರವೇರಿದಂತಾಗುವುದು.