ಕ್ಯಾಮೆರಾದ ಕಣ್ಣು, ನಮ್ಮ ಕಣ್ಣು

ಛಾಯಾಗ್ರಾಹಕನು ಕಾಣುವುದೂ ಕ್ಯಾಮೆರಾ ಕಾಣುವುದೂ ಒಂದೇ ಆಗಿರಬೇಕು. ಈ ಸರಳ ಅಪೇಕ್ಷೆಯೇ ಕ್ಯಾಮೆರಾದ ಒಡಲನ್ನು ಮತ್ತೆ ಮತ್ತೆ ತಿದ್ದಿದೆ.

ಹಳೆಯ ಪೆಟ್ಟಿಗೆ ಕ್ಯಾಮೆರಾದಲ್ಲಿ ನೋಡುವ ಕಿಂಡಿಯೇ ಬೇರೆ, ಮಸೂರವೇ ಬೇರೆ. ಕಿಂಡಿ ಮೇಲಿದ್ದುದರಿಂದ ಹತ್ತಿರದ ಚಿತ್ರಗಳಲ್ಲಿ ತಲೆ ತುಂಡಾಗುತ್ತಿತ್ತು. ಸಿರುಗುಪ್ಪದ ನಮ್ಮ ಬಂಧುಗಳ ಮನೆಯಲ್ಲಿ ಹಿರಿಯಜ್ಜನ ಒಂದೇ ಒಂದು ಭಾವಚಿತ್ರವಿದೆ. ಅದರಲ್ಲಿ ರುಮಾಲಿನ ಮೇಲ್ಭಾಗವಿಲ್ಲ. ತೆಗೆದವನ ಕಣ್ಣಿಗೆ ರುಮಾಲು ಪೂರ್ತಿ ಕಂಡಿತ್ತು. ರೀಲು ತೊಳೆದು ಚಿತ್ರ ಕೈಸೇರುವ ವೇಳೆಗೆ ಅಜ್ಜ ಉಳಿದಿರಲಿಲ್ಲ.

1929ರ ರೋಲಿಫ್ಲೆಕ್ಸ್ ನೋಡಲೊಂದು, ಸೆರೆಹಿಡಿಯಲೊಂದು ಎಂದು ಎರಡು ಮಸೂರಗಳನ್ನು ಹೊತ್ತು ಬಂದಿತು. ತಲೆಬಾಗಿ ನೋಡಿದರೆ ಎಡಬಲಗಳು ಅದಲುಬದಲಾಗಿ ಕಾಣುತ್ತಿದ್ದವು. 1959ರ ನಿಕಾನ್ ಎಫ್‌ನಂಥ ಕ್ಯಾಮೆರಾಗಳು ಒಂದೇ ಮಸೂರದ ಬಿಂಬವನ್ನು ಕನ್ನಡಿ ಮತ್ತು ಗಾಜಿನ ಪಟ್ಟಕದ ಮೂಲಕ ಕಣ್ಣಿಗೆ ತಲುಪಿಸಿದವು. ಕನ್ನಡಿ ಏಳಲು ಎಡೆ ಬೇಕಷ್ಟೆ. ಮಸೂರದ ಕಟ್ಟಿನಿಂದ ಫಿಲ್ಮಿಗೆ 46.5 ಮಿಲಿಮೀಟರ್ ಅಂತರವಿರಿಸಬೇಕಾಯಿತು. ಪಟ್ಟಕಕ್ಕಾಗಿ ನೆತ್ತಿಯ ಮೇಲೆ ಗೂನು, ರೀಲಿಗಾಗಿ ಇಕ್ಕೆಲಗಳಲ್ಲಿ ಅಗಲ. ಇಷ್ಟಾದರೂ ಗುಂಡಿ ಒತ್ತಿದ ಕ್ಷಣದಲ್ಲಿ ಕನ್ನಡಿ ಮೇಲೆದ್ದು ದೃಶ್ಯ ಮರೆಯಾಗುತ್ತಿತ್ತು.

1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ರೂಪಿಸಿದ ಯಂತ್ರದಲ್ಲಿ ಫಿಲ್ಮಿನ ಸ್ಥಾನಕ್ಕೆ ಬೆಳಕನ್ನು ವಿದ್ಯುತ್ತಾಗಿಸುವ ಸಂವೇದಕ ಬಂದಿತು. 1995ರ ಕ್ಯಾಸಿಯೋ ಕ್ಯಾಮೆರಾದ ಬೆನ್ನಿನಲ್ಲಿ ಪುಟ್ಟ ಪರದೆ ಮೂಡಿತು. ಬಿಂಬ ತಂತಿಯ ಮೂಲಕ ಹರಿಯುವುದಾದರೆ ಕನ್ನಡಿ ಏಕೆ? 2008ರ ಪ್ಯಾನಸೋನಿಕ್ ಜಿ1 ಕನ್ನಡಿಯನ್ನೇ ಕೈಬಿಟ್ಟಿತು. 2018ರ ನಿಕಾನ್ ಝಡ್ ಮಾದರಿಯಲ್ಲಿ ಆ ಹಳೆಯ ಅಂತರ 16 ಮಿಲಿಮೀಟರಿಗೆ ಇಳಿಯಿತು.

ಕುರುಗೋಡಿನ ದೊಡ್ಡಬಸವೇಶ್ವರನ ಬೃಹತ್ ಮೂರ್ತಿಯಂಥದನ್ನು ಕೆಳಗಿನಿಂದ ಚಿತ್ರಿಸಲು ಈಗ ನೆಲಕ್ಕೊರಗಬೇಕಿಲ್ಲ. ಪರದೆಯನ್ನು ಓರೆಯಾಗಿಸಿದರೆ ಸಾಕು. ಆದರೆ ಬಳ್ಳಾರಿಯ ಮಧ್ಯಾಹ್ನದ ಬಿಸಿಲಿನಲ್ಲಿ ಆ ಪರದೆ ಮಂಕಾಗುತ್ತದೆ. ಚಾಚಿದ ತೋಳೂ ನಡುಗುತ್ತದೆ. ಕಣ್ಣಿಗೊತ್ತಿ ನೋಡುವ ಕಿಂಡಿ ಉಳಿದುಕೊಂಡದ್ದು ಇದರಿಂದಲೇ. ಹುಬ್ಬು ಕ್ಯಾಮೆರಾಕ್ಕೆ ಮೂರನೆಯ ಆಸರೆ. ರೀಲು ಹೋದರೂ ಬಲಗೈ ಹಿಡಿಯುವ ಉಬ್ಬು ಹೋಗಲಿಲ್ಲ. ಯಂತ್ರ ಬದಲಾಯಿತು, ಅಂಗೈ ಬದಲಾಗಲಿಲ್ಲ.

ಒಂದು ವ್ಯತ್ಯಾಸವನ್ನು ಮಾತ್ರ ನಾವು ಮರೆಯಬಾರದು. ಹಳೆಯ ಕಿಂಡಿಯಲ್ಲಿ ಕಾಣುತ್ತಿದ್ದುದು ಸಾಕ್ಷಾತ್ ಬೆಳಕು. ಇಂದಿನದರಲ್ಲಿ ಕಾಣುವುದು ಬೆಳಕನ್ನು ಕುರಿತ ಯಂತ್ರದ ವರದಿ. ಸಂಜೆ ಬಳ್ಳಾರಿಯ ಕೋಟೆಬೆಟ್ಟದ ಬಂಡೆ ಕೆಂಪೇರಿದಾಗ ಯಂತ್ರ ಆ ಕೆಂಪನ್ನು ದೋಷವೆಂದು ಬಗೆದು ತಗ್ಗಿಸಬಹುದು. ಆದುದರಿಂದ ಗುಂಡಿ ಒತ್ತುವ ಮುನ್ನ ಕಿಂಡಿಯಿಂದ ಕಣ್ಣು ತೆಗೆದು ಬೆಟ್ಟವನ್ನೊಮ್ಮೆ ನೇರವಾಗಿ ನೋಡುವುದು ಲೇಸು.